ದೋಣಿ ರಿಪೇರಿಗೆ ಯಾವ ಮೊಳೆ? ಸಾಲಕ್ಕೆ ಸಹಿ ಹಾಕುವ ಮುಂಚೆ ಒಂದು ಪಾಠ



ಕರಾವಳಿಯ ನಮ್ಮ ಸ್ವಸಹಾಯ ಸಂಘಗಳ ಸಾಲದ ಪುಸ್ತಕ ಬಿಡಿಸಿ ನೋಡಿದರೆ ಹಸು, ಹೊಲಿಗೆ ಯಂತ್ರ, ಮಕ್ಕಳ ಫೀಸು, ಮನೆಯ ಮಾಡು ಇವುಗಳ ಜೊತೆಗೆ ಇನ್ನೊಂದು ಉದ್ದೇಶ ಕಾಣುತ್ತದೆ: ‘ದೋಣಿ ರಿಪೇರಿ’. ಸಾಲ ಕೇಳುವಾಗ ಸಭೆಯಲ್ಲಿ ನಾವು ಮರ ಎಷ್ಟು ಬೇಕು, ಮೇಸ್ತ್ರಿಯ ಕೂಲಿ ಎಷ್ಟು, ಬಣ್ಣಕ್ಕೆ ಎಷ್ಟು ಎಂದು ವಿಚಾರಿಸುತ್ತೇವೆ. ಕೊನೆಯ ಸಾಲಿನಲ್ಲಿ ‘ಮೊಳೆ, ಬೋಲ್ಟು ಇತ್ಯಾದಿ’ ಎಂದು ಬರೆದಿರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ. ‘ಮೊಳೆ ಅಂದ್ರೆ ಮೊಳೆ, ಅದ್ರಲ್ಲಿ ಎಂತ ಕೇಳ್ಲಿಕ್ಕುಂಟು?’ ಎಂದು ಮುಂದಿನ ಅರ್ಜಿಗೆ ಹೋಗುತ್ತೇವೆ.

ಆದರೆ ಸ್ವಲ್ಪ ಯೋಚಿಸಿ ನೋಡೋಣ. ಆ ದೋಣಿಯಲ್ಲಿ ಅಳಿವೆ ದಾಟಿ ಸಮುದ್ರಕ್ಕೆ ಹೋಗುವವರು ನಿಮ್ಮ ಗಂಡ, ಮಗ, ತಮ್ಮ. ಕುಮಟಾದ ಕಡೆ ಅಘನಾಶಿನಿಯ ಹಿನ್ನೀರಿನಲ್ಲಿ ಚಿಪ್ಪು ಆರಿಸಲು ಹೋಗುವ ಹೆಂಗಸರೂ ದೋಣಿಯಲ್ಲೇ ಹೋಗುತ್ತಾರೆ. ಸಾಲಕ್ಕೆ ಸಹಿ ಹಾಕುವವರು, ತಿಂಗಳು ತಿಂಗಳು ಕಂತು ಕಟ್ಟುವವರು ನೀವು. ಜಾಮೀನು ನಿಲ್ಲುವುದು ಇಡೀ ಸಂಘ. ಹೀಗಿರುವಾಗ ಹಲಗೆಯನ್ನು ಹಿಡಿದಿಡುವ ಮೊಳೆ ಯಾವುದು ಎಂದು ಕೇಳುವ ಹಕ್ಕೂ ನಮಗಿದೆ, ಜವಾಬ್ದಾರಿಯೂ ಇದೆ. ಅದಕ್ಕೆ ಬೇಕಾದಷ್ಟು ತಿಳುವಳಿಕೆ ಕೊಡುವುದೇ ಈ ಪಾಠದ ಉದ್ದೇಶ.

ಈ ಪಾಠದಲ್ಲಿ ನಾವು ಕಲಿಯುವುದು:
1. ಉಪ್ಪು ನೀರಿನಲ್ಲಿ ಮೊಳೆ ಏಕೆ ಹಾಳಾಗುತ್ತದೆ?
2. ಯಾವ ಲೋಹ ಎಲ್ಲಿ ಸರಿ, ಎಲ್ಲಿ ತಪ್ಪು?
3. ಅಂಗಡಿಯಲ್ಲಿ ಗುರುತು ಹಿಡಿಯುವುದು ಹೇಗೆ?
4. ಸಂಘದ ಹಣ ಉಳಿಸಲು ಯಾವ ಪ್ರಶ್ನೆ ಕೇಳಬೇಕು?

ಮೊಳೆಯ ಕೆಲಸ

ಮರದ ದೋಣಿ ಒಂದೇ ತುಂಡಲ್ಲ. ಕೆಳಗೆ ತಳಮರ, ಅದರಿಂದ ಮೇಲಕ್ಕೆ ಬಾಗಿದ ಪಕ್ಕೆಮರಗಳು, ಅವುಗಳ ಮೇಲೆ ಹೊರಗಿನಿಂದ ಹಲಗೆಗಳು. ನಮ್ಮ ಎದೆಯ ಗೂಡಿನ ಹಾಗೆಯೇ. ಹಲಗೆಯನ್ನು ಪಕ್ಕೆಮರಕ್ಕೆ ಕಚ್ಚಿಸಿ ಹಿಡಿಯುವುದು ಮೊಳೆ, ಸ್ಕ್ರೂ ಅಥವಾ ಬೋಲ್ಟು. ಅಲೆ ಬಡಿದಾಗಲೆಲ್ಲ ದೋಣಿ ಸ್ವಲ್ಪ ಬಳುಕುತ್ತದೆ. ಪ್ರತಿಯೊಂದು ಬಳುಕಿನ ಭಾರವೂ ಮೊಳೆಯ ಕುತ್ತಿಗೆಗೆ ಬೀಳುತ್ತದೆ.

ಹಿಂದಿನ ಕಾಲದಲ್ಲಿ ಪಶ್ಚಿಮ ಕರಾವಳಿಯಲ್ಲಿ ಕಬ್ಬಿಣದ ಮೊಳೆಯೇ ಇಲ್ಲದೆ, ತೆಂಗಿನ ನಾರಿನ ಹುರಿಯಿಂದ ಹಲಗೆಗಳನ್ನು ಹೊಲಿದು ಹಡಗು ಕಟ್ಟುತ್ತಿದ್ದರು. 14ನೇ ಶತಮಾನದಲ್ಲಿ ನಮ್ಮ ಹೊನ್ನಾವರಕ್ಕೂ ಬಂದಿದ್ದ ಪ್ರವಾಸಿ ಇಬ್ನ್ ಬತೂತ ಈ ಹೊಲಿದ ಹಡಗುಗಳ ವಿಷಯ ಬರೆದಿದ್ದಾನೆ. ಬಂಡೆಗೆ ತಾಗಿದರೆ ಮೊಳೆ ಹೊಡೆದ ಹಡಗು ಒಡೆಯುತ್ತದೆ, ಹೊಲಿದದ್ದು ಬಳುಕಿ ಉಳಿಯುತ್ತದೆ ಎಂಬುದು ಅವನ ವಿವರಣೆ. ಅದೇ ವಿಧಾನದಲ್ಲಿ ಹೊಲಿದು ಕಟ್ಟಿದ ‘ಕೌಂಡಿನ್ಯ’ ಎಂಬ ಹಾಯಿ ಹಡಗನ್ನು 2025ರ ಮೇ ತಿಂಗಳಲ್ಲಿ ಕಾರವಾರದಲ್ಲಿ ನೌಕಾಪಡೆಗೆ ಸೇರಿಸಿಕೊಂಡರು. ಅಂದರೆ ಹಲಗೆಯನ್ನು ಯಾವುದರಿಂದ ಬಂಧಿಸಬೇಕು ಎಂಬ ಪ್ರಶ್ನೆ ಇಂದಿನದಲ್ಲ. ಈಗ ನಮ್ಮ ದೋಣಿಗಳು ಮೊಳೆ, ಬೋಲ್ಟಿನ ದೋಣಿಗಳು. ಆದ್ದರಿಂದ ಲೋಹದ ಗುಣ ತಿಳಿಯಲೇಬೇಕು.

ಎರಡು ಲೋಹ, ಒಂದು ಉಪ್ಪು ನೀರು

ಕಬ್ಬಿಣಕ್ಕೆ ನೀರು, ಗಾಳಿ ತಾಗಿದರೆ ತುಕ್ಕು ಹಿಡಿಯುತ್ತದೆ ಎಂದು ನಮಗೆಲ್ಲ ಗೊತ್ತುಂಟು. ಉಪ್ಪು ಸೇರಿದರೆ ತುಕ್ಕಿನ ವೇಗ ಹೆಚ್ಚು. ತುಕ್ಕು ಮೂಲ ಕಬ್ಬಿಣಕ್ಕಿಂತ ಹೆಚ್ಚು ಜಾಗ ತೆಗೆದುಕೊಳ್ಳುತ್ತದೆ. ಆದ್ದರಿಂದ ಮೊಳೆ ಒಳಗೇ ಉಬ್ಬಿ ಹಲಗೆಯನ್ನು ಸೀಳುತ್ತದೆ. ಸುತ್ತಲಿನ ಮರ ಕಪ್ಪಾಗಿ ಮೆತ್ತಗಾಗುತ್ತದೆ.

ಇದಕ್ಕಿಂತ ದೊಡ್ಡ ಶತ್ರು ಇನ್ನೊಂದು. ಎರಡು ಬೇರೆ ಬೇರೆ ಲೋಹಗಳು ಒಂದಕ್ಕೊಂದು ತಾಗಿಕೊಂಡು ಉಪ್ಪು ನೀರಿನಲ್ಲಿ ಇದ್ದರೆ ಅದೊಂದು ಸಣ್ಣ ಬ್ಯಾಟರಿಯೇ ಆಗುತ್ತದೆ. ಟಾರ್ಚಿನ ಸೆಲ್ಲಿನಲ್ಲಿ ಸತುವಿನ ಡಬ್ಬಿ ಹೇಗೆ ಕರಗುತ್ತಾ ಹೋಗುತ್ತದೋ ಹಾಗೆ, ಎರಡರಲ್ಲಿ ದುರ್ಬಲವಾದ ಲೋಹ ಕರಗುತ್ತದೆ, ಬಲವಾದದ್ದು ಉಳಿಯುತ್ತದೆ. ಸಮುದ್ರದ ನೀರಿನಲ್ಲಿ ಬೇಗ ಕರಗುವುದರಿಂದ ಹಿಡಿದು ನಿಧಾನವಾಗಿ ಕರಗುವವರೆಗೆ ಲೋಹಗಳ ಸಾಲು ಹೀಗಿದೆ:

ಸತು – ಅಲ್ಯೂಮಿನಿಯಂ – ಕಬ್ಬಿಣ, ಉಕ್ಕು – ಹಿತ್ತಾಳೆ – ತಾಮ್ರ – ಕಂಚು – ಒಳ್ಳೆಯ ಸ್ಟೇನ್‌ಲೆಸ್ ಸ್ಟೀಲು

ಈ ಸಾಲಿನಲ್ಲಿ ಪಕ್ಕಪಕ್ಕದವರು ಹೊಂದಿಕೊಂಡು ಹೋಗುತ್ತಾರೆ. ದೂರದವರನ್ನು ಒಟ್ಟಿಗೆ ಕಟ್ಟಿದರೆ ಎಡಗಡೆಯವರಿಗೆ ಉಳಿಗಾಲವಿಲ್ಲ. ತಾಮ್ರದ ತಗಡಿಗೆ ಕಬ್ಬಿಣದ ಮೊಳೆ ಹೊಡೆದರೆ ಮೊಳೆ ಹೋಯಿತು ಎಂದೇ ತಿಳಿಯಿರಿ.

ಇದನ್ನು ಬ್ರಿಟಿಷ್ ನೌಕಾಪಡೆ ದುಬಾರಿ ಬೆಲೆ ಕೊಟ್ಟು ಕಲಿತಿತ್ತು. ಮರ ಕೊರೆಯುವ ಹುಳದಿಂದ ಹಡಗು ಉಳಿಸಲು ಅವರು 1761ರಲ್ಲಿ ‘ಅಲಾರ್ಮ್’ ಎಂಬ ಯುದ್ಧನೌಕೆಯ ತಳಕ್ಕೆ ತಾಮ್ರದ ತಗಡು ಹೊದಿಸಿದರು. 1763ರಲ್ಲಿ ಹಡಗು ವೆಸ್ಟ್ ಇಂಡೀಸಿನಿಂದ ಹಿಂದೆ ಬಂದಾಗ ಪರೀಕ್ಷೆ ಮಾಡಿದರು. ಹುಳ ಮುಟ್ಟಿರಲಿಲ್ಲ, ಆದರೆ ತಾಮ್ರಕ್ಕೆ ತಾಗಿದ್ದ ಕಬ್ಬಿಣದ ಮೊಳೆಗಳು ತಿಂದುಹೋಗಿದ್ದವು. ಕೆಲವು ಕಡೆ ಮಾತ್ರ ಮೊಳೆ ಚೆನ್ನಾಗಿತ್ತು. ಅಲ್ಲಿ ತಾಮ್ರದ ತಗಡು ಸುತ್ತಿಕೊಂಡು ಬಂದಿದ್ದ ಕಂದು ಕಾಗದ ಹಾಗೆಯೇ ಉಳಿದು, ತಾಮ್ರ ಕಬ್ಬಿಣಕ್ಕೆ ತಾಗದಂತೆ ತಡೆದಿತ್ತು! ಒಂದು ತೆಳು ಕಾಗದ ಮಾಡಿದ ಉಪಕಾರ ನೋಡಿ.

ಇದರಿಂದ ನಾವು ನೆನಪಿಡಬೇಕಾದ ಮಾತು ಎರಡು. ಒಂದು, ಬೇರೆ ಬೇರೆ ಲೋಹ ಒಂದಕ್ಕೊಂದು ತಾಗಬಾರದು. ತಾಗಲೇಬೇಕಾದರೆ ನಡುವೆ ರಬ್ಬರು, ನೈಲಾನ್ ಅಥವಾ ದಪ್ಪ ಅಂಟಿನ ಅಡ್ಡಿ ಇರಬೇಕು. ಎರಡು, ಹಿಡಿಯುವ ಮೊಳೆ ಹಿಡಿಸಿಕೊಂಡ ವಸ್ತುವಿಗಿಂತ ದುರ್ಬಲ ಲೋಹದ್ದು ಆಗಬಾರದು. ದೊಡ್ಡ ತಗಡು ತಾಮ್ರದ್ದು, ಸಣ್ಣ ಮೊಳೆ ಕಬ್ಬಿಣದ್ದು ಆದರೆ ಇಡೀ ತಗಡಿನ ಹೊಡೆತ ಆ ಸಣ್ಣ ಮೊಳೆಯ ಮೇಲೆ ಬೀಳುತ್ತದೆ.

ಸಭೆಯಲ್ಲಿ ಮಾಡಿ ನೋಡುವ ಪ್ರಯೋಗ

ಮೂರು ಗಾಜಿನ ಅಥವಾ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಳ್ಳಿ. ಸ್ಟೀಲ್ ಲೋಟ ಬೇಡ. ಒಂದು ಲೀಟರ್ ನೀರಿಗೆ ಸುಮಾರು 35 ಗ್ರಾಂ ಉಪ್ಪು ಹಾಕಿ ಕರಗಿಸಿ. ಸಮುದ್ರದ ನೀರಿನ ಉಪ್ಪು ಹೆಚ್ಚುಕಡಿಮೆ ಅಷ್ಟೇ. ಮೂರು ಬಾಟಲಿಗೂ ಆ ನೀರು ಹಾಕಿ.

ಮೊದಲ ಬಾಟಲಿಗೆ ಒಂದು ಸಾದಾ ಕಬ್ಬಿಣದ ಮೊಳೆ. ಎರಡನೆಯದಕ್ಕೆ ಅಂಥದೇ ಮೊಳೆ, ಆದರೆ ಕರೆಂಟ್ ವಯರಿನ ಒಳಗಿನ ತಾಮ್ರದ ತಂತಿಯನ್ನು ಬಿಗಿಯಾಗಿ ಸುತ್ತಿ. ಮೂರನೆಯದಕ್ಕೆ ಅಂಥದೇ ಮೊಳೆ, ಅದಕ್ಕೆ ಸತುವಿನ ಲೇಪವಿರುವ ಮಾಡಿನ ತಗಡಿನ ಚೂರನ್ನು ಒತ್ತಿ ಸುತ್ತಿ. ತಗಡು ಕೈ ಕೊಯ್ಯದಂತೆ ಜಾಗ್ರತೆ. ಬಣ್ಣ ಬಳಿದ ತಗಡಾದರೆ ಆಗುವುದಿಲ್ಲ.

ಎರಡು ವಾರ ಬಿಟ್ಟು ಮುಂದಿನ ಸಭೆಯಲ್ಲಿ ನೋಡಿ. ತಾಮ್ರ ಸುತ್ತಿದ ಮೊಳೆಗೆ ಒಂಟಿ ಮೊಳೆಗಿಂತ ಹೆಚ್ಚು ತುಕ್ಕು ಬಂದಿರುತ್ತದೆ. ಸತುವಿನ ತಗಡು ತಾಗಿದ ಮೊಳೆಗೆ ಎಲ್ಲಕ್ಕಿಂತ ಕಡಿಮೆ; ಅಲ್ಲಿ ಸತು ತಾನು ಕರಗಿ ಕಬ್ಬಿಣವನ್ನು ಕಾಪಾಡಿರುತ್ತದೆ. ಇಡೀ ಪಾಠ ಈ ಮೂರು ಬಾಟಲಿಯಲ್ಲಿದೆ. ಓದಲು ಬಾರದ ಸದಸ್ಯೆಯರಿಗೂ ಇದನ್ನು ತೋರಿಸಿದರೆ ಸಾಕು, ಮತ್ತೆ ಮರೆಯುವುದಿಲ್ಲ.

ಯಾವ ಲೋಹದ ಮೊಳೆ ಹೇಗೆ?

ಸಾದಾ ಕಬ್ಬಿಣದ ಮೊಳೆ: ಮನೆ ಕಟ್ಟುವಾಗ ಸೆಂಟ್ರಿಂಗ್ ಕೆಲಸಕ್ಕೆ ಬಳಸುವಂಥದು. ದೋಣಿಗೆ ಬೇಡವೇ ಬೇಡ. ತಾತ್ಕಾಲಿಕ ಎಂದು ಹೊಡೆದದ್ದು ಕೊನೆಗೆ ಅಲ್ಲೇ ಉಳಿದುಬಿಡುತ್ತದೆ.

ಸತು ಲೇಪದ ಕಬ್ಬಿಣ, ಅಂದರೆ ಜಿ.ಐ.: ಇದರಲ್ಲಿ ಎರಡು ಜಾತಿ ಇದೆ, ಮೋಸ ಹೋಗುವುದು ಇಲ್ಲಿಯೇ. ಕರೆಂಟಿನ ಮೂಲಕ ತೆಳ್ಳಗೆ ಲೇಪ ಹಾಕಿದ್ದು ಒಂದು. ಅದರ ಲೇಪ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್ ಮಾತ್ರ. ಒಂದು ಮಿಲಿಮೀಟರಿನಲ್ಲಿ ಸಾವಿರ ಮೈಕ್ರಾನ್ ಇರುತ್ತದೆ, ಈಗ ಲೆಕ್ಕ ಹಾಕಿ. ಕರಗಿದ ಬಿಸಿ ಸತುವಿನಲ್ಲಿ ಅದ್ದಿ ತೆಗೆದದ್ದು ಇನ್ನೊಂದು. ಅದರ ಲೇಪ 40 ಮೈಕ್ರಾನಿಗಿಂತ ಹೆಚ್ಚು. ದೋಣಿಗೆ ಜಿ.ಐ. ಎಂದರೆ ಬಿಸಿ ಅದ್ದಿದ್ದೇ ಆಗಬೇಕು. ಕೈಗೆಟಕುವ ಬೆಲೆಗೆ ಸಿಗುವ, ಸರಿಯಾಗಿ ಬಳಸಿದರೆ ಒಳ್ಳೆಯ ಬಾಳಿಕೆ ಬರುವ ಮೊಳೆ ಇದು.

ಹಿತ್ತಾಳೆ: ನೋಡಲು ಚಂದ, ತುಕ್ಕು ಹಿಡಿಯುವುದಿಲ್ಲ ಎಂದು ಹೇಳಿ ಮಾರುತ್ತಾರೆ. ಆದರೆ ಹಿತ್ತಾಳೆ ಎಂದರೆ ತಾಮ್ರ ಮತ್ತು ಸತುವಿನ ಬೆರಕೆ. ಸಮುದ್ರದ ನೀರು ಅದರೊಳಗಿನ ಸತುವನ್ನು ಮೆಲ್ಲನೆ ಹೀರಿಬಿಡುತ್ತದೆ. ಉಳಿಯುವುದು ತೂತು ತೂತಾದ ತಾಮ್ರದ ಅಸ್ಥಿಪಂಜರ. ಸ್ಕ್ರೂ ಹಾಗೇ ಇದೆ ಎಂದು ಕಾಣುತ್ತದೆ, ತಿರುಗಿಸಿದರೆ ತಲೆ ಕಿತ್ತು ಬರುತ್ತದೆ. ಹಳದಿ ಬಣ್ಣ ಹೋಗಿ ಗುಲಾಬಿ, ಕೆಂಪು ಬಣ್ಣ ಬಂದಿದ್ದರೆ ಅದು ಸತ್ತ ಹಿತ್ತಾಳೆ. ನೀರಿನ ಮಟ್ಟದ ಕೆಳಗೆ ಹಿತ್ತಾಳೆ ಸ್ಕ್ರೂ ಹಾಕಿಸಬೇಡಿ.

ತಾಮ್ರ: ತೆಳು ಹಲಗೆಯ ದೋಣಿಗೆ ಒಳ್ಳೆಯದು. ಮೆತ್ತಗಿನ ಲೋಹವಾದ್ದರಿಂದ ಬಡಿದು ಕಚ್ಚಿಸುವುದಕ್ಕಿಂತ ಆಚೆಗೆ ದಾಟಿಸಿ, ತಾಮ್ರದ ಬಿಲ್ಲೆ ಕೂರಿಸಿ, ತುದಿ ಕತ್ತರಿಸಿ, ತಟ್ಟಿ ಚಪ್ಪಟೆ ಮಾಡುತ್ತಾರೆ. ಆಗ ಹಲಗೆ ಮತ್ತು ಪಕ್ಕೆಮರ ಎರಡೂ ಬಟನ್ ಹಾಕಿದ ಹಾಗೆ ಗಟ್ಟಿಯಾಗಿ ಕೂರುತ್ತವೆ. ಬಿಲ್ಲೆಯೂ ತಾಮ್ರದ್ದೇ ಆಗಬೇಕು, ಕಬ್ಬಿಣದ ವಾಷರ್ ಅಲ್ಲ.

ಸಿಲಿಕಾನ್ ಕಂಚು: ಸುಮಾರು 96 ಭಾಗ ತಾಮ್ರ, 3 ಭಾಗ ಸಿಲಿಕಾನ್, ಉಳಿದದ್ದು ಮ್ಯಾಂಗನೀಸ್ ಮೊದಲಾದವು. ಸತು ಇಲ್ಲವೆನ್ನುವಷ್ಟು ಕಡಿಮೆ ಇರುವುದರಿಂದ ಹಿತ್ತಾಳೆಯ ರೋಗ ಇದಕ್ಕಿಲ್ಲ. ನೀರಿನ ಕೆಳಗಿನ ಮರದ ಕೆಲಸಕ್ಕೆ ಇದಕ್ಕಿಂತ ನಂಬಿಕೆಯ ಸ್ಕ್ರೂ ಸಿಗುವುದು ಕಷ್ಟ. ಆದರೆ ದುಬಾರಿ, ಎಲ್ಲ ಊರಿನ ಅಂಗಡಿಯಲ್ಲಿ ಇರುವುದಿಲ್ಲ.

ಸ್ಟೇನ್‌ಲೆಸ್ ಸ್ಟೀಲು: ಇದರ ವಿಷಯದಲ್ಲಿ ಎಲ್ಲರಿಗೂ ತುಂಬಾ ಭರವಸೆ. ಇದರ ರಕ್ಷಣೆ ಅದರ ಮೈಮೇಲಿನ ಕಣ್ಣಿಗೆ ಕಾಣದ ತೆಳು ಪೊರೆ. ಆ ಪೊರೆ ಉಳಿಯಲು ಗಾಳಿಯ ಆಮ್ಲಜನಕ ಬೇಕು. ಸದಾ ಒದ್ದೆಯಾಗಿರುವ ಹಲಗೆಯ ಒಳಗೆ, ನೀರಿನ ಕೆಳಗೆ ಗಾಳಿ ಸಿಗುವುದಿಲ್ಲ. ಆಗ ಪೊರೆ ಹರಿದು, ಒಳಗೊಳಗೇ ಗುಳಿ ಬಿದ್ದು ಸವೆಯುತ್ತದೆ. ತಲೆ ಹೊರಗೆ ಫಳಫಳ ಹೊಳೆಯುತ್ತಿದ್ದರೂ ಒಳಗಿನ ಕುತ್ತಿಗೆ ಸೂಜಿಯಷ್ಟಾಗಿರಬಹುದು. ಆದ್ದರಿಂದ ಅಂಚುಪಟ್ಟಿ, ಹಗ್ಗ ಕಟ್ಟುವ ಗೂಟ, ಇಂಜಿನ್ ಕೂರಿಸುವ ಜಾಗ ಮುಂತಾದ ನೀರಿನ ಮೇಲಿನ ಜಾಗಗಳಿಗೆ ಸ್ಟೇನ್‌ಲೆಸ್ ಉತ್ತಮ. ನೀರಿನ ಕೆಳಗಿನ ಹಲಗೆಗೆ ಬೇಡ.

ಸ್ಟೇನ್‌ಲೆಸ್‌ನಲ್ಲೂ ದರ್ಜೆ ಇದೆ. 304 ಎಂಬುದು ಅಡುಗೆಮನೆಯ ಒಳ್ಳೆಯ ಪಾತ್ರೆಯ ದರ್ಜೆ. 316ರಲ್ಲಿ 2ರಿಂದ 3 ಭಾಗ ಮಾಲಿಬ್ಡಿನಂ ಎಂಬ ಲೋಹ ಸೇರಿರುತ್ತದೆ, ಉಪ್ಪಿಗೆ ಅದೇ ಹೆಚ್ಚು ತಡೆಯುತ್ತದೆ. ಅಗ್ಗಕ್ಕೆ ಸಿಗುವ 200ರ ಸಾಲಿನ ದರ್ಜೆಗಳಲ್ಲಿ ನಿಕ್ಕಲ್ ಕಡಿಮೆ. ಕಡಲ ಗಾಳಿಗೇ ಕಂದು ಕಲೆ ಬರುತ್ತದೆ.

ಅಂಗಡಿಯಲ್ಲಿ ಗುರುತು ಹಿಡಿಯುವುದು

ಮೊಳೆ ತರಲು ಹೋಗುವವರ ಕಿಸೆಯಲ್ಲಿ ಒಂದು ಸಣ್ಣ ಅಯಸ್ಕಾಂತ ಮತ್ತು ಒಂದು ಹಳೆ ಅರ ಇರಲಿ.

• ಹಿತ್ತಾಳೆ, ತಾಮ್ರ, ಕಂಚು ಎಂದು ಕೊಟ್ಟದ್ದಕ್ಕೆ ಅಯಸ್ಕಾಂತ ಹಿಡಿಯಿರಿ. ಅಂಟಿಕೊಂಡರೆ ಅದು ಬಣ್ಣ ಹಾಕಿದ ಕಬ್ಬಿಣ. ಅರದಿಂದ ತಲೆಯನ್ನು ಸ್ವಲ್ಪ ಉಜ್ಜಿದರೆ ಒಳಗಿನ ಬಿಳಿ ಉಕ್ಕು ಕಾಣುತ್ತದೆ.
• ಸ್ಟೇನ್‌ಲೆಸ್‌ಗೆ ಅಯಸ್ಕಾಂತ ಬಲವಾಗಿ ಅಂಟಿದರೆ ಅದು ದೋಣಿಗೆ ಬೇಕಾದ ದರ್ಜೆಯಲ್ಲ. ಸ್ವಲ್ಪ ಎಳೆದರೆ ಗಾಬರಿ ಬೇಡ, ತಯಾರಿಸುವಾಗ ಬಡಿದಿದ್ದರಿಂದ ಹಾಗಾಗಬಹುದು. ಆದರೆ ಅಂಟದಿದ್ದ ಮಾತ್ರಕ್ಕೆ 316 ಎಂದು ನಂಬಬೇಡಿ. ಅಗ್ಗದ 200ರ ದರ್ಜೆಯೂ ಅಂಟುವುದಿಲ್ಲ.
• ಒಳ್ಳೆಯ ಕಂಪನಿಯ ಸ್ಟೇನ್‌ಲೆಸ್ ಬೋಲ್ಟಿನ ತಲೆಯ ಮೇಲೆ ಅಚ್ಚು ಇರುತ್ತದೆ. ಇಂಗ್ಲಿಷಿನ ಎ ಅಕ್ಷರದ ಮುಂದೆ 2 ಇದ್ದರೆ ಅದು 304ರ ಜಾತಿ, 4 ಇದ್ದರೆ 316ರ ಜಾತಿ. ಓದಲು ಬಾರದವರೂ 4ನ್ನು ಗುರುತಿಸಬಹುದು.
• ಜಿ.ಐ. ಮೊಳೆ ಕನ್ನಡಿಯಂತೆ ಹೊಳೆಯುತ್ತಿದ್ದರೆ, ನುಣುಪಾಗಿದ್ದರೆ ಅಥವಾ ಹಳದಿ, ಕಾಮನಬಿಲ್ಲಿನ ಬಣ್ಣ ಇದ್ದರೆ ಅದು ತೆಳು ಲೇಪ. ಬೂದಿ ಬಣ್ಣ, ಸ್ವಲ್ಪ ಒರಟು, ಅಲ್ಲಲ್ಲಿ ಸತು ಗಂಟು ಕಟ್ಟಿದ್ದರೆ ಬಿಸಿ ಅದ್ದಿದ್ದು. ಇಲ್ಲಿ ಚಂದ ನೋಡಬೇಡಿ.
• ಬಿಸಿ ಅದ್ದಿದ ಬೋಲ್ಟಿಗೆ ಅದಕ್ಕೆಂದೇ ಮಾಡಿದ ನಟ್ಟನ್ನೇ ತನ್ನಿ. ದಪ್ಪ ಲೇಪದ ಮೇಲೆ ಬೇರೆ ನಟ್ಟು ಕೂರುವುದಿಲ್ಲ. ಕೂರಿಸಲು ಲೇಪ ಉಜ್ಜಿ ತೆಗೆದರೆ ಕೊಟ್ಟ ಹಣ ದಂಡ.

ಹಳೆ ದೋಣಿಯಲ್ಲಿ ಈಗಾಗಲೇ ಏನಿದೆ?

ಇದು ಈ ಪಾಠದ ಮುಖ್ಯ ಭಾಗ. ಹೊಸ ದೋಣಿಗೆ ಯಾವ ಲೋಹ ಒಳ್ಳೆಯದು ಎಂಬ ಪ್ರಶ್ನೆ ಬೇರೆ. ರಿಪೇರಿಗೆ ಬಂದ ದೋಣಿಯ ಪ್ರಶ್ನೆ ಬೇರೆ. ಅದರಲ್ಲಿ ಈಗಾಗಲೇ ನೂರಾರು ಮೊಳೆ ಇವೆ. ಹೊಸ ಮೊಳೆ ಅವುಗಳ ನಡುವೆ ಬಾಳಬೇಕು. ಎಷ್ಟೇ ದುಬಾರಿಯದಾದರೂ ಬೇರೆ ಜಾತಿಯ ಮೊಳೆ ತಂದು ಹಳೆಯದರ ಪಕ್ಕದಲ್ಲಿ ಹೊಡೆದರೆ ಕೇಡು. ಜಿ.ಐ. ಮೊಳೆಯ ದೋಣಿಗೆ ‘ಗಟ್ಟಿ ಇರ್ಲಿ’ ಎಂದು ನೀರಿನ ಕೆಳಗೆ ತಾಮ್ರದ ಮೊಳೆ ಸೇರಿಸಿದರೆ, ಒಂದಕ್ಕೊಂದು ತಾಗಿದ ಕಡೆಯಲ್ಲೆಲ್ಲ ಹಳೆ ಮೊಳೆ ಇನ್ನೂ ಬೇಗ ಸಾಯುತ್ತದೆ. ಕಬ್ಬಿಣದ ದೋಣಿಗೆ ಕಬ್ಬಿಣ, ಅಂದರೆ ಬಿಸಿ ಅದ್ದಿದ ಜಿ.ಐ. ತಾಮ್ರದ ದೋಣಿಗೆ ತಾಮ್ರ ಅಥವಾ ಕಂಚು. ಈ ನಿಯಮ ಮೀರಬೇಡಿ.

ಆದ್ದರಿಂದ ಮೇಸ್ತ್ರಿ ಮರದ ಲೆಕ್ಕ ಕೊಡುವ ಮುಂಚೆ ಎರಡು ಮೂರು ಹಳೆ ಮೊಳೆ ಕಿತ್ತು ತೋರಿಸಲು ಹೇಳಿ. ಒಂದು ತಳಮರದ ಹತ್ತಿರದ್ದು, ಒಂದು ನೀರಿನ ಮಟ್ಟದ್ದು, ಒಂದು ಮೂತಿಯ ಕಡೆಯದ್ದು. ಕಿತ್ತ ಮೊಳೆಯ ತಲೆಯನ್ನು ನೋಡಿ ತೀರ್ಮಾನ ಮಾಡಬೇಡಿ. ಹಲಗೆ ಮುಗಿದು ಪಕ್ಕೆಮರ ಶುರುವಾಗುವ ಜಾಗದಲ್ಲಿ ನೀರು ನಿಲ್ಲುತ್ತದೆ. ಮೊಳೆ ಸವೆಯುವುದು ಅಲ್ಲಿಯೇ, ನಡುಭಾಗದಲ್ಲಿ. ತಲೆಯೂ ತುದಿಯೂ ದಪ್ಪ ಇದ್ದು ಸೊಂಟ ಸಣ್ಣಗಾಗಿದ್ದರೆ ಅದರ ಆಯುಷ್ಯ ಮುಗಿಯಿತು.

ಹೊರಗಿನಿಂದ ಕಾಣುವ ಗುರುತುಗಳೂ ಇವೆ: ಮೊಳೆಯ ತಲೆಯಿಂದ ಕೆಳಕ್ಕೆ ಕಂದು ಕಣ್ಣೀರಿನ ಗೆರೆ, ಸುತ್ತ ಕಪ್ಪಾದ, ಚೂರಿ ಒತ್ತಿದರೆ ಒಳಗೆ ಹೋಗುವ ಮರ, ತಲೆಯ ಮೇಲೆ ಮೆತ್ತಿದ ಪುಟ್ಟಿ ಹೊರಗೆ ದಬ್ಬಿರುವುದು, ಹಲಗೆಯನ್ನು ಗುದ್ದಿದರೆ ಟೊಳ್ಳು ಸದ್ದು. ಬಣ್ಣ ಬಳಿಯುವ ಮುಂಚೆ ನೋಡಬೇಕು. ಬಣ್ಣ ಬಳಿದ ಮೇಲೆ ಎಲ್ಲ ದೋಣಿಯೂ ಮದುಮಗಳೇ.

ಸಮುದ್ರಕ್ಕೆ ಹೋಗುವ ಯಾಂತ್ರೀಕೃತ ದೋಣಿಗಳು ಮೀನುಗಾರಿಕೆ ನಿಷೇಧದ ಕಾಲದಲ್ಲಿ, ಜೂನ್ 1ರಿಂದ ಜುಲೈ 31ರವರೆಗೆ ದಡದಲ್ಲಿರುತ್ತವೆ. ಆಗ ಮೇಸ್ತ್ರಿಗಳಿಗೂ ಅವಸರ, ಅಂಗಡಿಯಲ್ಲೂ ಒಳ್ಳೆ ಮಾಲು ಬೇಗ ಮುಗಿಯುತ್ತದೆ. ಮೊಳೆಯನ್ನು ಒಂದು ತಿಂಗಳು ಮುಂಚೆಯೇ ತಂದಿಟ್ಟುಕೊಂಡರೆ ‘ಇದ್ದದ್ದರಲ್ಲಿ ಮಾಡುವ’ ಎಂಬ ಮಾತು ಬರುವುದಿಲ್ಲ.

ಹೊಡೆಯುವಾಗ ಗಮನಿಸಬೇಕಾದದ್ದು

1. ಮೊದಲು ಸಣ್ಣ ತೂತು ಕೊರೆದು ಆಮೇಲೆ ಮೊಳೆ ಅಥವಾ ಸ್ಕ್ರೂ ಹಾಕಬೇಕು. ಇಲ್ಲವಾದರೆ ಹಲಗೆ ಸೀಳುತ್ತದೆ, ಸತುವಿನ ಲೇಪವೂ ಉಜ್ಜಿ ಹೋಗುತ್ತದೆ.
2. ಹಳೆ ತೂತಿಗೆ ಅದೇ ಅಳತೆಯ ಹೊಸ ಮೊಳೆ ಬಿಗಿಯಾಗಿ ನಿಲ್ಲುವುದಿಲ್ಲ. ತೂತನ್ನು ಶುಚಿ ಮಾಡಿ ಮರದ ಬೆಣೆಯನ್ನು ಅಂಟು ಹಾಕಿ ತುಂಬಿಸಿ, ಪಕ್ಕದಲ್ಲಿ ಹೊಸ ತೂತು ಕೊರೆಯಬೇಕು. ಅಥವಾ ಒಂದು ಅಳತೆ ದೊಡ್ಡದು ಹಾಕಬೇಕು.
3. ಸ್ಕ್ರೂವಿನ ಉದ್ದ ಹಲಗೆಯ ದಪ್ಪದ ಎರಡರಿಂದ ಎರಡೂವರೆ ಪಟ್ಟು ಇರುವುದು ರೂಢಿ. ಒಂದು ಇಂಚಿನ ಹಲಗೆಗೆ ಒಂದೂವರೆ ಇಂಚಿನ ಸ್ಕ್ರೂ ಸಾಲದು.
4. ಸುತ್ತಿಗೆಯ ಏಟಿಗೆ ಜಿ.ಐ. ಮೊಳೆಯ ತಲೆಯ ಲೇಪ ಒಡೆಯುತ್ತದೆ. ತಲೆಯನ್ನು ಸ್ವಲ್ಪ ಒಳಗೆ ಇಳಿಸಿ, ಪ್ರೈಮರ್ ಬಳಿದು, ಪುಟ್ಟಿ ತುಂಬಿಸಿ ಮುಚ್ಚಬೇಕು.
5. ತಾಮ್ರದ ಔಷಧಿ ಉಣಿಸಿದ ಹಸಿರು ಛಾಯೆಯ ಮರಕ್ಕೆ ತೆಳು ಲೇಪದ ಮೊಳೆ ಹೊಡೆದರೆ ಬೇಗ ಹೋಗುತ್ತದೆ. ಹಾಗೆಯೇ ತಳಕ್ಕೆ ಬಳಿಯುವ ತಾಮ್ರದ ಅಂಶದ ಬಣ್ಣ ಬರಿಯ ಕಬ್ಬಿಣದ ತಲೆಗೆ ನೇರವಾಗಿ ತಾಗಬಾರದು.
6. ಸ್ಟೇನ್‌ಲೆಸ್ ನಟ್ಟು ಬಿಗಿಯುವಾಗ ಎಳೆಗಳಿಗೆ ಸ್ವಲ್ಪ ಗ್ರೀಸ್ ಹಚ್ಚಿ. ಒಣಗಿದ್ದು ನಡುದಾರಿಯಲ್ಲಿ ಕಚ್ಚಿಕೊಂಡರೆ ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.

ಫೈಬರ್ ದೋಣಿಯವರಿಗೆ

‘ನಮ್ದು ಫೈಬರ್ ದೋಣಿ, ನಮಗೆ ಈ ಪಾಠ ಬೇಡ’ ಎನ್ನಬೇಡಿ. ಫೈಬರಿಗೆ ತುಕ್ಕಿಲ್ಲ, ಅದಕ್ಕೆ ಕಚ್ಚಿದ ಬೋಲ್ಟಿಗೆ ಉಂಟು. ಇಂಜಿನ್ ಕೂರಿಸುವ ಹಿಂದಿನ ಹಲಗೆಯ ಒಳಗೆ ಹೆಚ್ಚಾಗಿ ಮರ ಇರುತ್ತದೆ. ಬೋಲ್ಟಿನ ತೂತಿನಿಂದ ನೀರು ಇಳಿದರೆ ಹೊರಗೆ ಏನೂ ಕಾಣದೆ ಒಳಗೆ ಮರ ಕೊಳೆಯುತ್ತದೆ. ಇಲ್ಲಿ 316 ಬೋಲ್ಟು, ಅಗಲ ವಾಷರು, ತೂತಿಗೆ ನೀರು ಇಳಿಯದ ಸೀಲೆಂಟು ಬೇಕು. ಇಂಜಿನ್ನಿನ ಕಾಲು ಅಲ್ಯೂಮಿನಿಯಂ; ಅದಕ್ಕೆ ತಾಗುವ ಸ್ಟೇನ್‌ಲೆಸ್ ಬೋಲ್ಟಿಗೆ ನೈಲಾನ್ ವಾಷರ್ ಹಾಕಿದರೆ ಒಳ್ಳೆಯದು. ಇಂಜಿನ್ನಿನ ಕೆಳಗೆ ಇರುವ ಬೂದು ಬಣ್ಣದ ಸಣ್ಣ ಸತುವಿನ ಗಟ್ಟಿ ತಾನು ಕರಗಿ ಉಳಿದದ್ದನ್ನು ಕಾಪಾಡಲೆಂದೇ ಇಟ್ಟದ್ದು, ನಮ್ಮ ಮೂರನೇ ಬಾಟಲಿಯ ಹಾಗೆ. ಅದಕ್ಕೆ ಬಣ್ಣ ಬಳಿಯಬಾರದು, ಅರ್ಧ ಸವೆದಾಗ ಬದಲಿಸಬೇಕು. ಹೊಳೆ ಮತ್ತು ಕಡಲು ಕೂಡುವ ಸಪ್ಪೆ ಉಪ್ಪು ನೀರಿನಲ್ಲಿ ಅಲ್ಯೂಮಿನಿಯಂ ಗಟ್ಟಿ ಹೆಚ್ಚು ಚೆನ್ನಾಗಿ ಕೆಲಸ ಮಾಡುತ್ತದೆ. ಬ್ಯಾಟರಿಯ ವಯರು ದೋಣಿಯ ತಳದ ನೀರಿನಲ್ಲಿ ಬಿದ್ದಿರದಂತೆ ನೋಡಿ. ಸೋರುವ ಕರೆಂಟು ಲೋಹವನ್ನು ಇನ್ನೂ ವೇಗವಾಗಿ ತಿನ್ನುತ್ತದೆ.

ಒಂದು ಲೆಕ್ಕ

ಈಗ ಹಣದ ವಿಷಯಕ್ಕೆ ಬರೋಣ. ಇದು ತಿಳಿಯಲಿಕ್ಕೆ ಮಾಡಿದ ಉದಾಹರಣೆ; ನಿಮ್ಮ ಊರಿನ ದರ ಹಾಕಿ ನೀವೇ ಲೆಕ್ಕ ಮಾಡಿ ನೋಡಿ.

ಒಬ್ಬ ಸದಸ್ಯೆ ದೋಣಿ ರಿಪೇರಿಗೆ 80,000 ರೂಪಾಯಿ ಸಾಲ ಕೇಳಿದ್ದಾಳೆ, ಮೂರು ವರ್ಷದ ಕಂತು ಎಂದಿಟ್ಟುಕೊಳ್ಳಿ. ಮರಕ್ಕೆ 35,000, ಕೂಲಿಗೆ 27,000, ಹತ್ತಿ, ರಾಳ, ಬಣ್ಣಕ್ಕೆ 10,000, ಒಳ್ಳೆಯ ಮೊಳೆ ಬೋಲ್ಟಿಗೆ 8,000. ಅಂಗಡಿಯಲ್ಲಿ 3,500 ರೂಪಾಯಿಗೆ ಹೊಳೆಯುವ ಮೊಳೆ ಸಿಗುತ್ತದೆ. 4,500 ರೂಪಾಯಿ ಉಳಿತಾಯ!

ಆ ತೆಳು ಲೇಪದ ಮೊಳೆ ಎರಡನೇ ವರ್ಷ ಮುಗಿಯುವಾಗ ಸೋರಲು ಶುರುವಾದರೆ ಏನಾಗುತ್ತದೆ? ಮರ ಪುಣ್ಯಕ್ಕೆ ಉಳಿಯಿತು ಎಂದುಕೊಂಡರೂ ಕೂಲಿ 27,000, ಬಣ್ಣ 10,000, ಮೊಳೆ 8,000, ಒಟ್ಟು 45,000 ರೂಪಾಯಿ ಮತ್ತೊಮ್ಮೆ ಖರ್ಚು. ಹಲಗೆ ಕೀಳುವಾಗ ಸೀಳಿದರೆ ಅದೂ ಸೇರಿತು. ದೋಣಿ ದಡದಲ್ಲಿದ್ದಷ್ಟು ದಿನ ಮೀನಿಲ್ಲ. ಹಳೆ ಸಾಲದ ಒಂದು ವರ್ಷದ ಕಂತು ಇನ್ನೂ ಬಾಕಿ. ಆಗ ಬಂಗಾರ ಅಡವಿಡುವುದು, ಬಡ್ಡಿಗೆ ತರುವುದು, ಸಭೆಗೆ ಬರುವುದನ್ನೇ ನಿಲ್ಲಿಸುವುದು. ಒಬ್ಬಳ ಕಂತು ನಿಂತರೆ ಸಂಘದ ಹೆಸರು ಬ್ಯಾಂಕಿನಲ್ಲಿ ಕೆಡುತ್ತದೆ. ಆನೆ ಕೊಟ್ಟು ಅಂಕುಶಕ್ಕೆ ಜಗಳ ಮಾಡಿದ ಹಾಗೆ ಆಗುತ್ತದೆ ಇದು.

ಇಲ್ಲಿಯವರೆಗೆ ಹೇಳಿದ್ದು ದಡದಲ್ಲಿ ಸೋರಿದ ದೋಣಿಯ ಲೆಕ್ಕ. ಅಳಿವೆಯ ಅಲೆಯಲ್ಲಿ ಹಲಗೆ ಬಿಟ್ಟುಕೊಂಡರೆ ಆ ನಷ್ಟವನ್ನು ಬರೆಯಲು ನಮ್ಮ ಪುಸ್ತಕದಲ್ಲಿ ಕಾಲಂ ಇಲ್ಲ.

ಸಂಘ ಏನು ಮಾಡಬಹುದು?

• ದೋಣಿ ರಿಪೇರಿ ಸಾಲದ ಅರ್ಜಿಯಲ್ಲಿ ‘ಮೊಳೆ ಇತ್ಯಾದಿ’ ಎಂದು ಬರೆಯುವುದನ್ನು ನಿಲ್ಲಿಸಿ. ಯಾವ ಲೋಹ, ಯಾವ ಲೇಪ, ಎಷ್ಟು ಉದ್ದ, ಎಷ್ಟು ಕಿಲೋ ಎಂದು ಬರೆಸಿ.
• ಕಿತ್ತ ಹಳೆ ಮೊಳೆಗಳನ್ನು ಸಭೆಗೆ ತರಲು ಹೇಳಿ. ಎಲ್ಲರೂ ಕೈಯಲ್ಲಿ ಹಿಡಿದು ನೋಡಲಿ.
• ಸಾಲದ ಹಣದಲ್ಲಿ ಮೊಳೆಯ ಭಾಗವನ್ನು ಬೇರೆ ಇಡಿ, ಬಿಲ್ಲು ತಂದ ಮೇಲೆ ಕೊಡಿ. ಬಿಲ್ಲಿನಲ್ಲಿ ದರ್ಜೆ ಬರೆದಿರಬೇಕು.
• ಒಂದೇ ಕಾಲದಲ್ಲಿ ಮೂರು ನಾಲ್ಕು ಮನೆಯವರಿಗೆ ಬೇಕಾಗಿದ್ದರೆ ಒಟ್ಟಿಗೆ ಖರೀದಿ ಮಾಡಿ. ಕಂಚು, 316ರಂಥ ದುಬಾರಿ ಮಾಲು ದೊಡ್ಡ ಅಂಗಡಿಯಿಂದ ಒಟ್ಟಿಗೆ ತರಿಸಿದರೆ ಸಾಗಣೆಯೂ ಉಳಿಯುತ್ತದೆ.
• ಹಣ ಸಾಲದಿದ್ದರೆ ಮೇಲಿನ ಬಣ್ಣದಲ್ಲಿ, ಅಲಂಕಾರದಲ್ಲಿ ಉಳಿಸಿ. ನೀರಿನ ಕೆಳಗಿನ ಮೊಳೆಯಲ್ಲಿ ಉಳಿಸಬೇಡಿ. ಈ ವರ್ಷ ತಳ, ಮುಂದಿನ ವರ್ಷ ಮೇಲ್ಭಾಗ ಎಂದು ಎರಡು ಕಂತಿನಲ್ಲಿ ಮಾಡಿಸಿದರೂ ತಪ್ಪಿಲ್ಲ.

ಮೇಸ್ತ್ರಿಗೆ ಬೇಸರ ಆದೀತು ಎಂಬ ಅಂಜಿಕೆ ಕೆಲವರಿಗೆ ಇರುತ್ತದೆ. ಅನುಭವಿ ಮೇಸ್ತ್ರಿಗೆ ಇದೆಲ್ಲ ಗೊತ್ತೇ ಇರುತ್ತದೆ. ಹಣ ಸಾಲದು ಎಂದು ಮನೆಯವರೇ ಅಗ್ಗದ್ದು ತಂದುಕೊಟ್ಟಾಗ ಅವರೂ ಸುಮ್ಮನೆ ಹೊಡೆಯುತ್ತಾರೆ. ‘ಆಚಾರ್ರೆ, ಹಳೆ ಮೊಳೆ ಯಾವುದಿತ್ತು? ನೀರಿನ ಕೆಳಗೆ ಯಾವುದು ಹಾಕ್ತೀರಿ?’ ಎಂದು ನೀವು ಗೌರವದಿಂದ ಕೇಳಿದರೆ ಅವರಿಗೂ ಒಳ್ಳೆ ಕೆಲಸ ಮಾಡಲು ಬಲ ಬರುತ್ತದೆ.

ಸಭೆಯಲ್ಲಿ ಚರ್ಚಿಸಲು ಪ್ರಶ್ನೆಗಳು

1. ನಮ್ಮ ಸಂಘದಿಂದ ಈವರೆಗೆ ದೋಣಿ ರಿಪೇರಿಗೆ ಎಷ್ಟು ಸಾಲ ಕೊಟ್ಟಿದ್ದೇವೆ? ಅದರಲ್ಲಿ ಒಂದೇ ದೋಣಿಗೆ ಎರಡು ಸಲ ಕೊಟ್ಟದ್ದು ಇದೆಯೇ? ಏಕೆ ಬೇಕಾಯಿತು?
2. ನಮ್ಮ ಮನೆಯ ದೋಣಿಯಲ್ಲಿ ಯಾವ ಲೋಹದ ಮೊಳೆ ಇದೆ? ಮನೆಯಲ್ಲಿ ಕೇಳಿಕೊಂಡು ಬಂದು ಹೇಳಿ.
3. ಮೂರು ಬಾಟಲಿಗಳಲ್ಲಿ ಏನು ಕಂಡಿರಿ? ಯಾವ ಮೊಳೆ ಮೊದಲು ಕೆಂಪಾಯಿತು?
4. ಮುಂದಿನ ರಿಪೇರಿ ಕಾಲಕ್ಕೆ ಒಟ್ಟಿಗೆ ಖರೀದಿ ಮಾಡಲು ಯಾರು ಯಾರು ಸೇರುತ್ತೀರಿ? ಅಂಗಡಿಗೆ ಅಯಸ್ಕಾಂತ ಹಿಡಿದುಕೊಂಡು ಹೋಗುವ ಇಬ್ಬರು ಯಾರು?

ನಾಲ್ಕನೇ ಪ್ರಶ್ನೆಯ ಉತ್ತರವನ್ನು ಠರಾವು ಪುಸ್ತಕದಲ್ಲಿ ಹೆಸರು ಸಮೇತ ಬರೆದಿಡಿ. ಮುಂದಿನ ಭೇಟಿಯಲ್ಲಿ ನಾವು ಮೊದಲು ಕೇಳುವುದು ಅದನ್ನೇ.